ಮತಪತ್ರದ ಕೊನೆಯಲ್ಲಿರುವ ಆ ಹೆಸರುಗಳು ಯಾರವು?

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರ ಮನೆಗೂ ನವೆಂಬರ್ ಚುನಾವಣೆಗೆ ತಿಂಗಳ ಮೊದಲೇ ಅಂಚೆಯಲ್ಲಿ ಮತಪತ್ರ ಬರುತ್ತದೆ. ಮೇಲಿನ ಹುದ್ದೆಗಳ ಅಭ್ಯರ್ಥಿಗಳು ಟಿವಿಯಿಂದ ಪರಿಚಿತರು. ಕೆಳಗಿಳಿದರೆ ಸ್ಕೂಲ್ ಬೋರ್ಡ್. ಅಲ್ಲಿ ಹೆಸರಿನ ಪಕ್ಕ ಪಕ್ಷವೂ ಇರುವುದಿಲ್ಲ. ಹಲವರು ಖಾಲಿ ಬಿಡುತ್ತಾರೆ. ಇನ್ನು ಕೆಲವರು ರಾವ್, ಗೌಡ ಎಂದು ಕಂಡಲ್ಲಿ ‘ನಮ್ಮವರು’ ಎಂದು ಗುರುತು ಹಾಕಿ ಮುಗಿಸುತ್ತಾರೆ. ಆದರೆ ಸೂಪರಿಂಟೆಂಡೆಂಟ್ ನೇಮಕ, ಬಜೆಟ್, ಶಾಲೆ ಮುಚ್ಚುವ ತೀರ್ಮಾನ ಎಲ್ಲವೂ ಈ ಬೋರ್ಡಿನ ಕೈಯಲ್ಲೇ. ಮಕ್ಕಳ ಸಂಖ್ಯೆ ಕುಸಿದು ಕುಪರ್ಟಿನೊ ಶಾಲಾ ಡಿಸ್ಟ್ರಿಕ್ಟ್‌ನಲ್ಲಿ 2022ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಬೀಗ ಬಿದ್ದದ್ದು ಬೋರ್ಡಿನ ಮತದಿಂದಲೇ.

ಮೊದಲು ನಿಮ್ಮ ಶಾಲಾ ಡಿಸ್ಟ್ರಿಕ್ಟ್ ಯಾವುದೆಂದು ಖಚಿತ ಮಾಡಿಕೊಳ್ಳಿ. ಇದು ಅಂದುಕೊಂಡಷ್ಟು ಸುಲಭವಲ್ಲ. ಕುಪರ್ಟಿನೊದ ಹೆಚ್ಚಿನ ಮಕ್ಕಳಿಗೆ 8ನೇ ತರಗತಿವರೆಗೆ ಒಂದು ಡಿಸ್ಟ್ರಿಕ್ಟ್, ಆಮೇಲೆ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಫ್ರೀಮಾಂಟ್ ಊರಿಗೂ ಅದಕ್ಕೂ ಸಂಬಂಧವಿಲ್ಲ! ಅಂದರೆ ಒಂದೇ ಮನೆಗೆ ಎರಡು ಬೋರ್ಡ್. ಕೆಲವು ಡಿಸ್ಟ್ರಿಕ್ಟ್‌ಗಳನ್ನು ವಾರ್ಡ್‌ಗಳಂತೆ ವಿಂಗಡಿಸಿರುವುದರಿಂದ ಎದುರು ಬೀದಿಯವರ ಅಭ್ಯರ್ಥಿಗಳೇ ಬೇರೆ ಇರಬಹುದು. ಕೌಂಟಿ ಚುನಾವಣಾ ಕಚೇರಿಯ ಜಾಲತಾಣದಲ್ಲಿ ವಿಳಾಸ ಹಾಕಿದರೆ ತಿಳಿಯುತ್ತದೆ.

ಅಂಚೆಯಲ್ಲಿ ಬರುವ ಮತದಾರರ ಕೈಪಿಡಿಯನ್ನು ಬೇಗ ಓದಿ ಮುಗಿಸಿ. ಅದರಲ್ಲಿ ಅಭ್ಯರ್ಥಿಯ ಹೇಳಿಕೆ ಸಾಮಾನ್ಯವಾಗಿ 200 ಪದಗಳಷ್ಟು. ‘ಮಕ್ಕಳೇ ಮೊದಲು’ ಎನ್ನದವರು ಯಾರೂ ಇರುವುದಿಲ್ಲ. ಹೇಳಿಕೆ ಇಲ್ಲವೆಂದು ಯಾರನ್ನೂ ಕಡೆಗಣಿಸಬೇಡಿ. ಅದನ್ನು ಅಚ್ಚು ಹಾಕಿಸುವ ಖರ್ಚು ಹಲವೆಡೆ ಅಭ್ಯರ್ಥಿಯ ತಲೆಯ ಮೇಲೇ ಬೀಳುತ್ತದೆ.

ನಿಜವಾದ ಕೆಲಸ ಇರುವುದು ಸಭೆಗಳ ನಡಾವಳಿಯಲ್ಲಿ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಬೋರ್ಡ್ ಸಭೆಗಳು ಬಹಿರಂಗವಾಗಿ ನಡೆಯಬೇಕು. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಡಿಸ್ಟ್ರಿಕ್ಟ್ ಜಾಲತಾಣದಲ್ಲಿ ಕಳೆದ ಎರಡು ವರ್ಷದ ನಡಾವಳಿ ತೆರೆಯಿರಿ. ಎಲ್ಲರೂ ಒಟ್ಟಿಗೆ ಕೈಯೆತ್ತಿದ ವಿಷಯಗಳನ್ನು ಬಿಟ್ಟುಬಿಡಿ. 3–2, 4–1 ಎಂದು ಮತ ಒಡೆದ ಕಡೆ ನಿಲ್ಲಿ. ವಿರೋಧಿಸಿದವರು ಯಾರು, ಕೊಟ್ಟ ಕಾರಣವೇನು? ವಿಡಿಯೊ ಇದ್ದರೆ ಆ ಚರ್ಚೆಯನ್ನಷ್ಟೇ ನೋಡಿ. ಅರ್ಧ ಗಂಟೆಯಲ್ಲಿ ಯಾರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ಬರೀ ಭಾಷಣಕ್ಕೆ ಬಂದಿದ್ದಾರೆ ಎಂಬುದು ಗೊತ್ತಾಗಿಬಿಡುತ್ತದೆ. ನನ್ನ ಮಟ್ಟಿಗೆ ಹತ್ತು ಬಣ್ಣದ ಕರಪತ್ರಕ್ಕಿಂತ ಈ ಅರ್ಧ ಗಂಟೆಯೇ ಮೇಲು. ಹೊಸಬರಿಗೆ ಮತದ ದಾಖಲೆ ಇರುವುದಿಲ್ಲ. ಅವರು ಪೋಷಕ-ಶಿಕ್ಷಕರ ಸಂಘದಲ್ಲೋ (ಪಿಟಿಎ) ಬಜೆಟ್ ಸಮಿತಿಯಲ್ಲೋ ದುಡಿದಿದ್ದಾರೆಯೇ, ಸಭೆಗಳಲ್ಲಿ ಎದ್ದು ಮಾತಾಡಿದ್ದಾರೆಯೇ ಎಂದು ಹುಡುಕಿ.

ಮುಂದೆ ದುಡ್ಡಿನ ಲೆಕ್ಕ. ಪ್ರಚಾರಕ್ಕೆ 2,000 ಡಾಲರ್ ಅಥವಾ ಹೆಚ್ಚು ಎತ್ತಿದವರು ‘ಫಾರ್ಮ್ 460’ ಸಲ್ಲಿಸಬೇಕು. 100 ಡಾಲರ್ ಮತ್ತು ಮೇಲ್ಪಟ್ಟು ಕೊಟ್ಟ ವ್ಯಕ್ತಿಯ ಹೆಸರು, ಉದ್ಯೋಗ, ಕೆಲಸ ಕೊಟ್ಟವರ ಹೆಸರು ಅದರಲ್ಲಿರುತ್ತದೆ. ಶಾಲಾ ಕಟ್ಟಡದ ಬಾಂಡ್ ಕಾಮಗಾರಿ ಹಿಡಿಯುವ ಗುತ್ತಿಗೆದಾರರು, ವಾಸ್ತುಶಿಲ್ಪಿಗಳು ಸಾಲಾಗಿ ಕಂಡರೆ ಹುಬ್ಬೇರಿಸಿ. ಶಿಕ್ಷಕರ ಸಂಘದ ಬೆಂಬಲ ತಪ್ಪೇನಲ್ಲ. ಆದರೆ ಅದೇ ಸಂಘದೊಡನೆ ಸಂಬಳದ ಒಪ್ಪಂದಕ್ಕೆ ಒಪ್ಪಿಗೆ ಕೊಡುವುದು ಇದೇ ಬೋರ್ಡ್ ಎಂಬುದು ನೆನಪಿರಲಿ. ಅಭ್ಯರ್ಥಿಯ ಸ್ವಂತ ಹೂಡಿಕೆ, ಆದಾಯದ ಮೂಲಗಳಿಗೆ ‘ಫಾರ್ಮ್ 700’ ನೋಡಿ.

ಕೊನೆಗೆ ನೇರವಾಗಿ ಕೇಳಿ. 1920ರಲ್ಲಿ ಹುಟ್ಟಿದ ಲೀಗ್ ಆಫ್ ವಿಮೆನ್ ವೋಟರ್ಸ್ ಹಲವು ಊರುಗಳಲ್ಲಿ ಅಭ್ಯರ್ಥಿಗಳ ಸಂವಾದ ನಡೆಸುತ್ತದೆ. ಆಗದಿದ್ದರೆ ಇಮೇಲ್ ಸಾಕು. ‘ಶಿಕ್ಷಣದ ಗುಣಮಟ್ಟ ಹೆಚ್ಚಿಸುತ್ತೀರಾ?’ ಎಂದರೆ ಹೌದೆಂದೇ ಉತ್ತರ ಬರುತ್ತದೆ. ‘ಬಜೆಟ್ ಕಡಿತವಾದರೆ ಮೊದಲು ಯಾವುದನ್ನು ಕೈಬಿಡುತ್ತೀರಿ?’, ‘8ನೇ ತರಗತಿಗೆ ಬೀಜಗಣಿತ ಇರಬೇಕೇ?’ ಎಂದು ಕೇಳಿ. ಉತ್ತರವೇ ಬಾರದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರಿಗೆ ಸಾಮಾನ್ಯವಾಗಿ ಮತವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಮಾತ್ರ 2016ರ ಜನಮತದ ನಂತರ, ಪೌರತ್ವವಿಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ಮಟ್ಟಿಗೆ ಮತ ಕೊಟ್ಟಿದೆ. 2023ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹೆಸರು ನೋಂದಾಯಿಸುವ ಮುನ್ನ ವಲಸೆ ವಕೀಲರನ್ನು ಒಂದು ಮಾತು ಕೇಳಿ. ಮತವಿಲ್ಲದವರೂ ಬೋರ್ಡ್ ಸಭೆಗೆ ಹೋಗಿ ಮಾತಾಡಬಹುದು. ಅಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ.