ಪುರುಷರ ಪೋಷಾಕಿನ ಮೇಲೆ ಪ್ರಸಿದ್ಧರ ಪ್ರಭಾವ

ಬಿಸಿಲು, ಮಳೆ, ಚಳಿಗಳಿಂದ ಮೈಯನ್ನು ಕಾಯುವುದು ಬಟ್ಟೆಯ ಮೊದಲ ಕೆಲಸ. ಮಾನವನ್ನು ಕಾಯುವುದು ಎರಡನೆಯದು. ಇವೆರಡೇ ಅದರ ಉದ್ದೇಶವಾಗಿದ್ದರೆ ಅಂಗಿಯ ಕೊರಳಪಟ್ಟಿ ಒಮ್ಮೆ ಅಗಲವಾಗಿ, ಮತ್ತೊಮ್ಮೆ ಕಿರಿದಾಗಿ, ಷರಾಯಿಯ ಕೆಳಸುತ್ತು ಒಮ್ಮೆ ಗಂಟೆಯಂತೆ ಅರಳಿ, ಮತ್ತೊಮ್ಮೆ ಕಾಲಿಗೆ ಅಂಟಿಕೊಂಡು ಬದಲಾಗಬೇಕಾದ ಕಾರಣವೇ ಇರುತ್ತಿರಲಿಲ್ಲ. ಉಡುಪಿನ ವ್ಯಾಮೋಹ ಸ್ತ್ರೀಯರಿಗೆ ಮಾತ್ರ ಮೀಸಲೆಂಬ ಮಾತು ರೂಢಿಯಲ್ಲಿದೆ. ಅದು ಪುರುಷರು ಹುಟ್ಟುಹಾಕಿದ ಮಾತಾದುದರಿಂದ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಕಳೆದ ಇನ್ನೂರು ವರ್ಷಗಳ ಇತಿಹಾಸವನ್ನು ನೋಡಿದರೆ, ಗಂಡಸರ ಪೋಷಾಕು ಪದೇ ಪದೇ ಒಬ್ಬ ಪ್ರಸಿದ್ಧ ವ್ಯಕ್ತಿಯ ಮೈಮೇಲಿನಿಂದ ಇಳಿದು ಸಾವಿರಾರು ಅಪರಿಚಿತರ ಮೈಮೇಲೆ ಏರಿರುವುದು ಕಾಣುತ್ತದೆ. ಈ ಅನುಕರಣೆಯಿಂದ ಯಾರಿಗೆ ಏನು ದೊರೆಯಿತು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದು ವಿಚಾರಾರ್ಹವಾದ ಸಂಗತಿ.

ಈ ಪರಂಪರೆಯ ಆದಿಪುರುಷನೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವವನು ಇಂಗ್ಲೆಂಡಿನ ಜಾರ್ಜ್ ಬ್ರಯನ್ ಬ್ರಮ್ಮೆಲ್. ಜನಿಸಿದ್ದು 1778ರಲ್ಲಿ, ಲಂಡನ್ ನಗರದಲ್ಲಿ. ಅವನು ಅರಸುಮಗನಲ್ಲ, ಜಹಗೀರುದಾರನೂ ಅಲ್ಲ. ಅವನ ತಂದೆ ಪ್ರಧಾನಿ ಲಾರ್ಡ್ ನಾರ್ತನ ಖಾಸಗಿ ಕಾರ್ಯದರ್ಶಿಯಾಗಿದ್ದವನು. ಈಟನ್ ಶಾಲೆಯಲ್ಲಿ ಓದಿ, ಕೆಲಕಾಲ ಆಕ್ಸ್‌ಫರ್ಡಿನಲ್ಲಿದ್ದು, ಯುವರಾಜನ ಕುದುರೆ ದಳವನ್ನು ಸೇರಿದ ಬ್ರಮ್ಮೆಲ್ ಅಲ್ಲಿಯೇ ಯುವರಾಜನ ಸ್ನೇಹವನ್ನು ಸಂಪಾದಿಸಿದನು. ಅಂದಿನ ಶ್ರೀಮಂತ ಪುರುಷರು ರೇಷ್ಮೆ, ಕಸೂತಿ, ಜಾಲರಿಗಳಿಂದ ಅಲಂಕೃತರಾಗಿ, ತಲೆಗೆ ಬಿಳಿಯ ಪುಡಿ ಹಚ್ಚಿ ತಿರುಗುತ್ತಿದ್ದ ಕಾಲವದು. 1795ರಲ್ಲಿ ಪಿಟ್ಟನ ಸರಕಾರ ಈ ಪುಡಿಯ ಮೇಲೆಯೇ ವರ್ಷಕ್ಕೊಂದು ಗಿನಿಯಂತೆ ತೆರಿಗೆ ವಿಧಿಸಿತು. ಬ್ರಮ್ಮೆಲ್ ಇವೆಲ್ಲವನ್ನೂ ತೊರೆದನು. ಕಡುನೀಲಿಯ ಉಣ್ಣೆಯ ಕೋಟು, ತಿಳಿಬಣ್ಣದ ಒಳಕೋಟು, ಕಾಲಿನ ಆಕಾರಕ್ಕೆ ಸರಿಯಾಗಿ ಕತ್ತರಿಸಿದ ಷರಾಯಿ, ಗಂಜಿ ಹಾಕಿದ ಬಿಳಿಯ ನಾರುಬಟ್ಟೆಯ ಕೊರಳವಸ್ತ್ರ ಇಷ್ಟೇ ಅವನ ವೇಷ. ಜೊತೆಗೆ ದಿನವೂ ಸ್ನಾನ, ದಿನವೂ ಕ್ಷೌರ, ದಿನವೂ ಮಡಿಯಾದ ಅಂಗಿ. ನಮ್ಮ ದೇಶದವರಿಗೆ ನಿತ್ಯಸ್ನಾನ ಒಂದು ಸಾಧನೆಯೆಂದು ತೋರಲಾರದು. ಆದರೆ ಅಂದಿನ ಲಂಡನ್ ಸಮಾಜದಲ್ಲಿ ಅದು ಸುದ್ದಿಯಾಗುವಷ್ಟು ಹೊಸದಾಗಿತ್ತು. ಕೊರಳವಸ್ತ್ರದ ಮಡಿಕೆ ಮೊದಲ ಸಲಕ್ಕೇ ಸರಿಬಾರದಿದ್ದರೆ ಅದನ್ನು ಎಸೆದು ಹೊಸದನ್ನು ಕಟ್ಟಿಕೊಳ್ಳುತ್ತಿದ್ದನೆಂದೂ, ಹಾಗೆ ಕೆಟ್ಟವುಗಳ ರಾಶಿಯನ್ನು ಸೇವಕ ಹೊತ್ತು ಇಳಿಯುತ್ತಿದ್ದನೆಂದೂ ಅವನ ಚರಿತ್ರೆಕಾರರು ಹೇಳುತ್ತಾರೆ. ಅವನು ಉಡುಪು ಧರಿಸುವ ಕ್ರಮವನ್ನು ನೋಡಲು ಯುವರಾಜನೇ ಅವನ ಮನೆಗೆ ಬರುತ್ತಿದ್ದನಂತೆ.

ಬ್ರಮ್ಮೆಲ್ ತಂದ ಬದಲಾವಣೆ ಸಾಮಾನ್ಯವಾದುದಲ್ಲ. ಪುರುಷನ ಘನತೆ ಬಟ್ಟೆಯ ಹೊಳಪಿನಲ್ಲಿಲ್ಲ, ಕತ್ತರಿಯ ಅಚ್ಚುಕಟ್ಟಿನಲ್ಲಿ ಮತ್ತು ಶುಭ್ರತೆಯಲ್ಲಿದೆ ಎಂಬುದನ್ನು ಅವನು ತೋರಿಸಿಕೊಟ್ಟನು. ಇಂದು ಜಗತ್ತಿನ ಕಚೇರಿಗಳಲ್ಲೆಲ್ಲ ಕಾಣುವ ಕಡುಬಣ್ಣದ ಸೂಟಿನ ಮೂಲವನ್ನು ಹುಡುಕುವವರು ಅವನ ಬಳಿಗೇ ಬಂದು ನಿಲ್ಲುತ್ತಾರೆ. ಆದರೆ ಸರಳತೆಯೆಂದು ಕಂಡದ್ದು ಅಗ್ಗವಾಗಿರಲಿಲ್ಲ. ತಂದೆಯಿಂದ ಬಂದ ಆಸ್ತಿ ಜೂಜಿನಲ್ಲಿಯೂ ದರ್ಜಿಗಳ ಲೆಕ್ಕದಲ್ಲಿಯೂ ಕರಗಿತು. ಯುವರಾಜನೊಡನೆ ಮನಸ್ತಾಪವುಂಟಾಗಿ ಸಾಲಗಾರರ ತಾಳ್ಮೆಯೂ ತೀರಿತು. 1816ರಲ್ಲಿ ಅವನು ಫ್ರಾನ್ಸಿನ ಕಾಲೇ ಪಟ್ಟಣಕ್ಕೆ ಓಡಿಹೋದನು. ಮನೆಯ ಸಾಮಾನುಗಳು ಲಂಡನ್ನಿನಲ್ಲಿ ಹರಾಜಾದವು. 1835ರಲ್ಲಿ ಸಾಲಕ್ಕಾಗಿ ಸೆರೆವಾಸ, 1840ರಲ್ಲಿ ಕಾಂ ನಗರದ ಬುದ್ಧಿವಿಕಲರ ಆಸ್ಪತ್ರೆಯಲ್ಲಿ ಮರಣ. ಅವನಿಗೆ ಉದ್ದರಿ ಕೊಟ್ಟ ದರ್ಜಿಗಳ ಸಂಸಾರಗಳು ಏನಾದವೆಂಬುದನ್ನು ಯಾವ ಚರಿತ್ರೆಕಾರನೂ ವಿಸ್ತರಿಸಿ ಬರೆದಿಲ್ಲ. ಲಂಡನ್ನಿನ ಜರ್ಮಿನ್ ಬೀದಿಯಲ್ಲಿ 2002ರಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಸುತ್ತಲೂ ಅಂಗಿಗಳ ಅಂಗಡಿಗಳಿವೆ.

ಬ್ರಮ್ಮೆಲನ ಅನಂತರ ಈ ಪಾತ್ರ ಮತ್ತೆ ರಾಜಮನೆತನಕ್ಕೆ ಹೋಯಿತು. ಮುಂದೆ ಏಳನೆಯ ಎಡ್ವರ್ಡ್ ಎನಿಸಿದ ರಾಜಕುಮಾರ 1865ರಲ್ಲಿ ಹೆನ್ರಿ ಪೂಲ್ ಎಂಬ ದರ್ಜಿಯ ಅಂಗಡಿಯಿಂದ ಸಂಜೆಯ ಊಟಕ್ಕೆಂದು ಬಾಲವಿಲ್ಲದ ಗಿಡ್ಡ ಕೋಟನ್ನು ಹೊಲಿಸಿಕೊಂಡನು. ಜಗತ್ತಿನ ಔತಣಕೂಟಗಳಿಗೆ ಅದೇ ಕೋಟು ಬಂದಿತು. ದೇಹ ಸ್ಥೂಲವಾದುದರಿಂದ ಅವನು ಒಳಕೋಟಿನ ಕೊನೆಯ ಗುಂಡಿಯನ್ನು ಬಿಚ್ಚಿಡುತ್ತಿದ್ದನೆಂದೂ, ಹೊಟ್ಟೆಯಿಲ್ಲದವರೂ ಅದನ್ನೇ ಶಿಷ್ಟಾಚಾರವೆಂದು ಪಾಲಿಸಿದರೆಂದೂ ಪ್ರತೀತಿ.

ಅವನ ಮೊಮ್ಮಗ, ಎಂಟನೆಯ ಎಡ್ವರ್ಡ್ ಆಗಿ 1936ರಲ್ಲಿ ಸಿಂಹಾಸನ ತ್ಯಜಿಸಿದ ರಾಜಕುಮಾರನ ಉದಾಹರಣೆ ಹೆಚ್ಚು ಬೋಧಪ್ರದವಾಗಿದೆ. 1922ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಗಾಲ್ಫ್ ಮೈದಾನದಲ್ಲಿ ಅವನು ಫೇರ್ ಐಲ್ ಮಾದರಿಯ, ಬಹುವರ್ಣದ ಪಟ್ಟೆಗಳುಳ್ಳ ಉಣ್ಣೆಯ ಅಂಗಿಯನ್ನು ತೊಟ್ಟು ಕಾಣಿಸಿಕೊಂಡನು. ಫೇರ್ ಐಲ್ ಎಂಬುದು ಸ್ಕಾಟ್ಲೆಂಡಿನ ಉತ್ತರಕ್ಕೆ, ಷೆಟ್ಲೆಂಡ್ ದ್ವೀಪಸಮೂಹದ ಒಂದು ಪುಟ್ಟ ದ್ವೀಪ. ಗಂಡಸರು ಮೀನುಗಾರಿಕೆಗೆ ಹೋದಾಗ ಹೆಂಗಸರು ಒಲೆಯ ಬದಿಯಲ್ಲಿ ಕುಳಿತು ಹೆಣೆಯುತ್ತಿದ್ದ ಅಂಗಿ ಅದು. ರಾಜಕುಮಾರನ ಮೈಮೇಲೆ ಅದು ಕಂಡ ಮೇಲೆ ಬೇಡಿಕೆ ಹಠಾತ್ತನೆ ಏರಿ, ಷೆಟ್ಲೆಂಡಿನ ಬಡ ಹೆಣಿಗೆಗಾರ್ತಿಯರ ಕೈಗೆ ತುಂಬ ಕೆಲಸ ಬಂದಿತು. ಪ್ರಸಿದ್ಧನ ರುಚಿ ದುಡಿಯುವವರ ಮನೆಗೆ ಅನ್ನ ತಂದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರೆಯುವುದು ಕಷ್ಟ.

ಇಲ್ಲಿಯವರೆಗೆ ಅನುಕರಿಸಿದವನು ಬಟ್ಟೆಯ ರೂಪವನ್ನು ಅನುಕರಿಸುತ್ತಿದ್ದನು. ಹೆಸರನ್ನು ಮೈಮೇಲೆ ಹೊರುತ್ತಿರಲಿಲ್ಲ. ಆ ತಿರುವು ಬಂದುದು ಟೆನ್ನಿಸ್ ಮೈದಾನದಿಂದ. ಫ್ರಾನ್ಸಿನ ಆಟಗಾರ ರನೇ ಲಕೋಸ್ತ್‌ನಿಗೆ ‘ಮೊಸಳೆ’ ಎಂಬ ಅಡ್ಡಹೆಸರಿತ್ತು. ಆಗಿನ ಆಟಗಾರರು ಗಂಜಿ ಹಾಕಿದ ತುಂಬುತೋಳಿನ ಅಂಗಿ ತೊಟ್ಟು ಬೆವರುತ್ತಿದ್ದರು. ಲಕೋಸ್ತ್ 1926ರಲ್ಲಿ ಅಮೆರಿಕದ ಪಂದ್ಯಾವಳಿಯಲ್ಲಿ ಗಾಳಿಯಾಡುವ ಹೆಣಿಗೆಯ ಹತ್ತಿಯ ಗಿಡ್ಡ ತೋಳಿನ ಅಂಗಿ ತೊಟ್ಟು ಆಡಿದನು. 1933ರಲ್ಲಿ ಅಂದ್ರೆ ಜಿಲಿಯೇ ಎಂಬ ಹೆಣಿಗೆ ಬಟ್ಟೆಯ ಉದ್ಯಮಿಯೊಡನೆ ಸೇರಿ ಅದನ್ನು ಮಾರಾಟಕ್ಕೆ ತಂದಾಗ ಎದೆಯ ಮೇಲೆ ಒಂದು ಸಣ್ಣ ಮೊಸಳೆಯನ್ನು ಕಸೂತಿ ಹಾಕಿಸಿದನು. ಹೊಲಿದವನ ಗುರುತು ಅಲ್ಲಿಯತನಕ ಕೊರಳಪಟ್ಟಿಯ ಒಳಬದಿಯಲ್ಲಿ ಅಡಗಿರುತ್ತಿತ್ತು. ಈಗ ಅದು ಹೊರಗೆ ಬಂದು ಎದುರಿನವನ ಕಣ್ಣಿಗೆ ಬಿದ್ದಿತು. ಅಂಗಿಯ ಗುಣ ನಿಜವಾದುದೇ. ಆದರೆ ಕಾಲಕ್ರಮದಲ್ಲಿ ಜನರು ಬೆಲೆ ತೆತ್ತುದು ಗಾಳಿಯಾಡುವ ನೇಯ್ಗೆಗೋ ಮೊಸಳೆಗೋ ಎಂಬುದನ್ನು ಬೇರ್ಪಡಿಸಿ ಹೇಳಲು ಸಾಧ್ಯವಾಗದಂತಾಯಿತು. ಬಲಕ್ಕೆ ಮುಖಮಾಡಿದ ಈ ಮೊಸಳೆಗೂ, 1947ರಲ್ಲಿ ಸಿಂಗಪುರದಲ್ಲಿ ಆರಂಭವಾದ ಇನ್ನೊಂದು ಸಂಸ್ಥೆಯ ಎಡಕ್ಕೆ ಮುಖಮಾಡಿದ ಮೊಸಳೆಗೂ ಹಲವು ದೇಶಗಳಲ್ಲಿ ವ್ಯಾಜ್ಯ ನಡೆಯಿತು. ದೆಹಲಿಯ ಉಚ್ಚ ನ್ಯಾಯಾಲಯವೂ ಆ ಜಗಳವನ್ನು ಕೇಳಬೇಕಾಯಿತು.

ಚಲನಚಿತ್ರ ಬಂದ ಮೇಲೆ ಈ ಪ್ರಭಾವದ ವೇಗ ನೂರ್ಮಡಿಯಾಯಿತು. ಅಮೆರಿಕದ ನೌಕಾದಳದವರು ಒಳಗೆ ತೊಡುತ್ತಿದ್ದ ತೋಳಿನ ಬನಿಯನ್ನು 1951ರ ಒಂದು ಚಿತ್ರದಲ್ಲಿ ಮಾರ್ಲನ್ ಬ್ರ್ಯಾಂಡೊ ಮೇಲಂಗಿಯಂತೆ ತೊಟ್ಟನು. 1955ರಲ್ಲಿ ಜೇಮ್ಸ್ ಡೀನ್ ಅದನ್ನೇ ಕೆಂಪು ಜಾಕೀಟಿನ ಕೆಳಗೆ ತೊಟ್ಟನು. ಒಳಬಟ್ಟೆ ಹೊರಬಟ್ಟೆಯಾಯಿತು. ನಮ್ಮಲ್ಲಿಯೂ ರಾಜೇಶ್ ಖನ್ನಾನ ‘ಗುರು’ ಅಂಗಿ, ಎಪ್ಪತ್ತರ ದಶಕದ ಬೆಲ್‌ಬಾಟಮ್ ಷರಾಯಿಗಳು ಹಳ್ಳಿಹಳ್ಳಿಗೂ ಬಂದವು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತಾಲ್ಲೂಕು ಪಟ್ಟಣದ ದರ್ಜಿಯ ಬಳಿಗೆ ಸಿನಿಮಾ ಪತ್ರಿಕೆಯ ಪುಟವನ್ನು ಹಿಡಿದು ಹೋದ ತರುಣ ಅಳತೆ ಕೊಟ್ಟು, ಸ್ಥಳೀಯ ಅಂಗಡಿಯ ಬಟ್ಟೆಯಿಂದಲೇ ಹೊಲಿಸಿಕೊಳ್ಳುತ್ತಿದ್ದನು. ಅನುಕರಣೆ ಬೊಂಬಾಯಿಯದಾದರೂ ಕೂಲಿ ಊರಿನಲ್ಲಿಯೇ ಉಳಿಯುತ್ತಿತ್ತು. ಇದೇ ಕಾಲದಲ್ಲಿ ತೆರೆಯ ಮೇಲೆ ಬಗೆಬಗೆಯ ವೇಷ ಧರಿಸುತ್ತಿದ್ದ ಡಾ. ರಾಜ್‌ಕುಮಾರ್ ಸಾರ್ವಜನಿಕ ಸಭೆಗಳಿಗೆ ಬಿಳಿಯ ಪಂಚೆ, ಬಿಳಿಯ ಅಂಗಿಯಲ್ಲಿಯೇ ಬರುತ್ತಿದ್ದುದೂ ಉಲ್ಲೇಖನೀಯ.

ಪ್ರಸಿದ್ಧಿಯ ಗಾಳಿ ಎಷ್ಟು ಬೇಗ ಬೀಸಿ ಅಡಗುತ್ತದೆಂಬುದಕ್ಕೆ ‘ನೆಹರೂ ಜಾಕೆಟ್’ ಸಾಕ್ಷಿ. ನೆಹರೂ ಅವರು ತೊಡುತ್ತಿದ್ದುದು ಮೊಣಕಾಲಿನವರೆಗಿನ ಅಚಕನ್. ಪಶ್ಚಿಮದವರು ಅದರ ನಿಂತ ಕೊರಳಪಟ್ಟಿಯನ್ನು ಮಾತ್ರ ತೆಗೆದುಕೊಂಡು ಗಿಡ್ಡ ಕೋಟಿಗೆ ಅಂಟಿಸಿದರು. ಬೀಟಲ್ಸ್ ಗಾಯಕರು 1965ರಲ್ಲಿ ನ್ಯೂಯಾರ್ಕಿನ ಷೇ ಕ್ರೀಡಾಂಗಣದ ಮಹಾಸಭೆಯಲ್ಲಿ ಅಂಥ ಪಟ್ಟಿಯ ಕೋಟು ತೊಟ್ಟು ಹಾಡಿದರು. 1968ರಲ್ಲಿ ಅಮೆರಿಕದ ದೂರದರ್ಶನ ನಿರೂಪಕ ಜಾನಿ ಕಾರ್ಸನ್ ತೊಟ್ಟಾಗ ಅಂಗಡಿಗಳಲ್ಲಿ ಅದಕ್ಕಾಗಿ ನೂಕುನುಗ್ಗಲಾಯಿತು. ಒಂದೆರಡು ವರ್ಷಗಳೊಳಗೆ ಕೇಳುವವರಿಲ್ಲವಾದರು. 1964ರಲ್ಲಿಯೇ ತೀರಿಕೊಂಡಿದ್ದ ನೆಹರೂ ಅವರಿಗೆ ಈ ವ್ಯಾಪಾರದ ಸುಳಿವೇ ಇರಲಿಲ್ಲ.

ವಿನ್ಯಾಸಕಾರನೇ ಪ್ರಸಿದ್ಧನಾಗುವ ಯುಗಕ್ಕೆ ಇಟಲಿಯ ಜಾರ್ಜಿಯೋ ಅರ್ಮಾನಿಯ ಜೀವನ ಒಳ್ಳೆಯ ದೃಷ್ಟಾಂತ. 1934ರಲ್ಲಿ ಪಿಯಾಚೆಂಜಾ ಪಟ್ಟಣದಲ್ಲಿ ಜನಿಸಿ, ವೈದ್ಯಕೀಯ ಶಿಕ್ಷಣವನ್ನು ನಡುವೆಯೇ ಬಿಟ್ಟು, ಮಿಲಾನ್ ನಗರದ ಒಂದು ದೊಡ್ಡ ಮಳಿಗೆಯಲ್ಲಿ ನೌಕರಿಗೆ ಸೇರಿದ ಅರ್ಮಾನಿ 1975ರಲ್ಲಿ ಸೆರ್ಜಿಯೋ ಗಲೆಯೊತ್ತಿಯೊಡನೆ ತನ್ನ ಸಂಸ್ಥೆಯನ್ನು ಸ್ಥಾಪಿಸಿದನು. ಅವನು ಮಾಡಿದ ಕೆಲಸ ಕೇಳಲು ಸರಳ. ಕೋಟಿನ ಒಳಗೆ ಎದೆಯನ್ನು ಬಿಗಿಯಾಗಿ ನಿಲ್ಲಿಸುತ್ತಿದ್ದ ಕ್ಯಾನ್ವಾಸು, ಹೆಗಲಿನ ಮೆತ್ತೆ, ದಪ್ಪ ಅಸ್ತರುಗಳನ್ನು ತೆಗೆದುಹಾಕಿ, ಮೃದುವಾದ ಬಟ್ಟೆ ಮೈಯ ಚಲನೆಯೊಡನೆ ಹರಿಯುವಂತೆ ಬಿಟ್ಟನು. ಬ್ರಮ್ಮೆಲನ ಕಾಲದಿಂದ ಕೋಟಿನೊಳಗೆ ನಿಂತಿದ್ದ ಸಿಪಾಯಿ ಮೊದಲ ಬಾರಿಗೆ ವಿಶ್ರಾಂತಿ ಪಡೆದನೆಂದರೆ ತಪ್ಪಾಗದು. 1980ರಲ್ಲಿ ‘ಅಮೆರಿಕನ್ ಜಿಗೊಲೊ’ ಎಂಬ ಚಿತ್ರದಲ್ಲಿ ರಿಚರ್ಡ್ ಗಿಯರ್ ಈ ಕೋಟುಗಳನ್ನು ತೊಟ್ಟನು. ಆ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದವನು ಜಾನ್ ಟ್ರವೋಲ್ಟಾ. ನಾಯಕ ತನ್ನ ಅಂಗಿ, ಕೋಟು, ಟೈಗಳನ್ನು ಹಾಸಿಗೆಯ ಮೇಲೆ ಹರಡಿ ಹೊಂದಿಸಿ ನೋಡುವ ದೃಶ್ಯವೇ ಒಂದು ಜಾಹೀರಾತಿನಂತಾಯಿತು. ಕಥೆಯ ನಾಯಕ ಗೌರವಸ್ಥನೇನೂ ಅಲ್ಲ, ಹಣಕ್ಕಾಗಿ ತನ್ನನ್ನು ಮಾರಿಕೊಳ್ಳುವವನು. ನೋಡುಗರಿಗೆ ನೆನಪುಳಿದುದು ಅವನ ನಡತೆಯಲ್ಲ, ಕೋಟು. 1982ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅರ್ಮಾನಿಯ ಚಿತ್ರ ಬಂದಿತು. 2025ರ ಸೆಪ್ಟೆಂಬರಿನಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ ಅವನು ಮೃತನಾದಾಗ ಅವನ ಹೆಸರು ಕನ್ನಡಕ, ಸುಗಂಧದ್ರವ್ಯ, ಗಡಿಯಾರ, ಹೋಟೆಲುಗಳ ಮೇಲೆಯೂ ಇತ್ತು.

ಇಂದು ನಟನೂ ಆಟಗಾರನೂ ಹಣ ಪಡೆದು ಬಟ್ಟೆ ತೊಡುತ್ತಾರೆ. ಬ್ರಮ್ಮೆಲ್ ದರ್ಜಿಗೆ ಬಾಕಿ ಉಳಿಸಿದನು. ಇವರಿಗೆ ದರ್ಜಿಯೇ ಸಂಬಳ ಕೊಡುತ್ತಾನೆ. ಆ ಸಂಬಳವನ್ನು ಕೊನೆಗೆ ತೆರುವವನು ಗುರುತಿನ ಅಂಗಿಗಾಗಿ ತಂದೆಯನ್ನು ಪೀಡಿಸುವ ವಿದ್ಯಾರ್ಥಿಯ ತಂದೆ.

ಈ ಇತಿಹಾಸದಲ್ಲಿ ಭಾರತದ ಅಧ್ಯಾಯವೊಂದು ಎಲ್ಲಕ್ಕಿಂತ ಭಿನ್ನವಾಗಿದೆ. 1888ರಲ್ಲಿ ಲಂಡನ್ನಿಗೆ ಬಂದಿಳಿದ ಮೋಹನದಾಸ ಗಾಂಧಿ ಎಂಬ ತರುಣ, ಸೆಪ್ಟೆಂಬರ್ ಕೊನೆಯ ಚಳಿಯಲ್ಲಿ ಹಡಗಿನಿಂದ ಇಳಿದವರೊಳಗೆ ಬಿಳಿಯ ಫ್ಲಾನೆಲ್ ಉಡುಪಿನಲ್ಲಿದ್ದವನು ತಾನೊಬ್ಬನೇ ಎಂದು ತಿಳಿದು ನಾಚಿದನು. ಅನಂತರ ಇಂಗ್ಲಿಷ್ ಸಭ್ಯಗೃಹಸ್ಥನಾಗುವ ಹಂಬಲದಿಂದ ಹತ್ತೊಂಬತ್ತು ಷಿಲಿಂಗಿನ ಎತ್ತರದ ಟೋಪಿ ಕೊಂಡು, ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸಂಜೆಯ ಸೂಟು ಹೊಲಿಸಿ, ಅಣ್ಣನಿಂದ ಗಡಿಯಾರಕ್ಕೆ ಜೋಡಿ ಚಿನ್ನದ ಸರಪಳಿ ತರಿಸಿಕೊಂಡು, ದಿನವೂ ಹತ್ತು ನಿಮಿಷ ಕನ್ನಡಿಯ ಮುಂದೆ ನಿಂತು ಟೈ ಕಟ್ಟುತ್ತಿದ್ದುದನ್ನು ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆ ಮೋಹ ಸುಮಾರು ಮೂರು ತಿಂಗಳಲ್ಲಿ ಇಳಿಯಿತು; ಉಡುಪಿನ ಶಿಸ್ತು ವರ್ಷಗಟ್ಟಲೆ ಉಳಿಯಿತು. ಬಟ್ಟೆ ನೋಡುವವನ ಮನಸ್ಸಿಗೆ ಏನು ಹೇಳುತ್ತದೆಂಬುದನ್ನು ಕಲಿಯದಿದ್ದರೆ ಮುಂದೆ ಅದನ್ನು ಕಳಚುವ ಅರ್ಥವೂ ಅವರಿಗೆ ಅಷ್ಟು ನಿಖರವಾಗಿ ತಿಳಿಯುತ್ತಿರಲಿಲ್ಲವೇನೋ.

ವಿದೇಶಿ ಬಟ್ಟೆಯ ಬಹಿಷ್ಕಾರ ನಡೆದಿದ್ದ 1921ರಲ್ಲಿ, ಖಾದಿ ಕೊಳ್ಳಲು ಶಕ್ತಿಯಿಲ್ಲವೆಂದು ಬಡವರು ಹೇಳುತ್ತಿದ್ದರು. ಅದಕ್ಕೆ ಉತ್ತರವಾಗಿ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಗಾಂಧೀಜಿ ಅಂಗಿ, ಟೋಪಿಗಳನ್ನು ಬಿಟ್ಟು ತುಂಡು ಪಂಚೆ ಉಟ್ಟರು. ಎರಡು ತಿಂಗಳೊಳಗೆ, ನವೆಂಬರ್ 17ರಂದು, ಅದೇ ಗಾಲ್ಫ್ ಮೈದಾನದ ರಾಜಕುಮಾರ ಬೊಂಬಾಯಿಯಲ್ಲಿ ಬಂದಿಳಿದನು. ಪಶ್ಚಿಮದ ಗಂಡಸರು ಯಾರ ಉಡುಪನ್ನು ನೋಡಿ ತಮ್ಮದನ್ನು ತಿದ್ದಿಕೊಳ್ಳುತ್ತಿದ್ದರೋ ಅವನು ನಗರವನ್ನು ಪ್ರವೇಶಿಸಿದ ದಿನವೇ ಅಲ್ಲಿ ಗಾಂಧೀಜಿಯ ಸಮ್ಮುಖದಲ್ಲಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿಯಿಡಲಾಯಿತು. ಅಂದೇ ಬೀದಿಗಳಲ್ಲಿ ಗಲಭೆಯೆದ್ದು ಜನ ಸತ್ತರು; ನೊಂದ ಗಾಂಧೀಜಿ ಉಪವಾಸ ಕುಳಿತರು. ಬಟ್ಟೆಯ ವಿಷಯ ಕೇವಲ ಬಟ್ಟೆಯದಾಗಿ ಉಳಿದಿರಲಿಲ್ಲ.

ಗಾಂಧೀಜಿ ತಮ್ಮ ತುಂಡು ಪಂಚೆಯನ್ನು ಇತರರು ಅನುಕರಿಸಬೇಕಾಗಿಲ್ಲವೆಂದು ಸ್ಪಷ್ಟವಾಗಿ ಬರೆದರು. ಇತರರು ಅನುಕರಿಸಲೂ ಇಲ್ಲ. ಅವರು ಆರಿಸಿಕೊಂಡದ್ದು, ಗಾಂಧೀಜಿ ಎರಡೇ ವರ್ಷ ತೊಟ್ಟು ಮಧುರೆಯಲ್ಲಿ ತೆಗೆದಿಟ್ಟ ಬಿಳಿಯ ಖಾದಿ ಟೋಪಿಯನ್ನು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿ ಬಂದಾಗ ಸಭೆಯ ತುಂಬ ‘ಗಾಂಧಿ ಟೋಪಿ’ಗಳಿದ್ದವು, ವೇದಿಕೆಯ ಮೇಲೆ ಆ ಹೆಸರಿನವರ ತಲೆ ಬರಿದಾಗಿತ್ತು.