ಗದ್ದೆಯ ಗಾಳಿಗೆ ಆಸ್ಪತ್ರೆಯ ಸಿರಿಂಜ್

ಭತ್ತದ ಗದ್ದೆಯಿಂದ ಎಷ್ಟು ಮೀಥೇನ್ ಏಳುತ್ತದೆ ಎಂದು ಅಳೆಯುವ ಕೆಲಸಕ್ಕೆ ನಮ್ಮಲ್ಲಿ ಇಂದಿಗೂ ಒದಗಿಬರುವುದು ಮೆಡಿಕಲ್ ಶಾಪಿನ 50 ಮಿಲಿಲೀಟರ್ ಸಿರಿಂಜ್ ಮತ್ತು ಡ್ರಿಪ್ ಹಾಕುವಾಗ ನಳಿಗೆಗೆ ಜೋಡಿಸುವ ತ್ರೀ-ವೇ ಸ್ಟಾಪ್‌ಕಾಕ್. ಪೈರಿನ ಮೇಲೆ ಅಕ್ರಿಲಿಕ್ ಪೆಟ್ಟಿಗೆಯನ್ನು ಬೋರಲು ಹಾಕುತ್ತಾರೆ. ಬುಡದ ಚೌಕಟ್ಟಿನಲ್ಲಿ ನೀರು ನಿಲ್ಲಿಸಿ ಸಂದು ಮುಚ್ಚುತ್ತಾರೆ. ಒಳಗೆ ಬ್ಯಾಟರಿಯ ಫ್ಯಾನ್ ತಿರುಗುತ್ತಿರುತ್ತದೆ. ಪೆಟ್ಟಿಗೆ ಮುಚ್ಚಿದೊಡನೆ ಒಮ್ಮೆ, ಅರ್ಧ ಗಂಟೆ ಕಳೆದ ಮೇಲೆ ಒಮ್ಮೆ, ಒಂದು ಗಂಟೆ ಕಳೆದ ಮೇಲೆ ಇನ್ನೊಮ್ಮೆ ಸಿರಿಂಜಿನಲ್ಲಿ ಗಾಳಿ ಎಳೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹೊತ್ತು ಕಳೆದಂತೆ ಮೀಥೇನ್ ಎಷ್ಟು ಏರಿತು ಎಂಬುದರಿಂದ ಗದ್ದೆಯ ಲೆಕ್ಕ ಹುಟ್ಟುತ್ತದೆ. ಇಂಥ ಲೆಕ್ಕಗಳ ಜೊತೆ ಒಡನಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಆಸ್ಪತ್ರೆಯಿಂದ ಉಪಕರಣವನ್ನು ತರುವಾಗ ಅದರ ಮೇಲೆ ಅಚ್ಚಾದ ಭರವಸೆಯನ್ನೂ ತಂದೆವೆಂದು ನಂಬಬಾರದು. ಗದ್ದೆಗೆ ಬೇಕಾದ ಭರವಸೆಯನ್ನು ನಾವೇ ಹೊಸದಾಗಿ ಪರೀಕ್ಷಿಸಿ ಪಡೆಯಬೇಕು.

ಸಿರಿಂಜಿನ ಪ್ಯಾಕೆಟ್ ಹೇಳುವುದು ಒಳಗೆ ರೋಗಾಣು ಇಲ್ಲ ಎಂದು. ಗದ್ದೆಗೆ ಆ ಮಾತು ಬೇಕಿಲ್ಲ. ಒಳಗಿನ ಗಾಳಿ ನಾಳೆಯವರೆಗೂ ಹಾಗೆಯೇ ಉಳಿಯುತ್ತದೆಯೇ ಎಂಬುದಕ್ಕೆ ಪ್ಯಾಕೆಟ್ಟಿನಲ್ಲಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಔಷಧವನ್ನು ಕೆಲವು ನಿಮಿಷ ಹಿಡಿದಿಡಲು ಮಾಡಿದ ಪಾಲಿಪ್ರೊಪಿಲೀನ್ ಕೊಳವೆ ಅದು. ದ್ರವ ಸೋರದ ರಬ್ಬರಿನ ಅಂಚಿನಲ್ಲಿ ಅನಿಲ ನಿಧಾನವಾಗಿ ನುಸುಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಸೋರಿಕೆಯ ದಿಕ್ಕು. ಹೊರಗಿನ ಗಾಳಿಯಲ್ಲಿ ಮೀಥೇನ್ ಸುಮಾರು 1.9 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 1.9 ಪಾಲು ಇದೆ. ಸಿರಿಂಜಿನಲ್ಲಿ 10 ಪಿಪಿಎಂ ಇದ್ದರೆ ಸೋರಿದಷ್ಟೂ ಅದು 1.9ರ ಕಡೆಗೆ ಇಳಿಯುತ್ತದೆ. ಮೇಲಕ್ಕೆ ಏರುವ ಮಾತೇ ಇಲ್ಲ. ಹಾಗಾಗಿ ಗದ್ದೆ ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಒಂದರ ಬದಲು ಮೂರು ಮಾದರಿ ತೆಗೆದರೆ ತಪ್ಪು ಸರಿಹೋಗುತ್ತದೆ ಎನ್ನುವವರಿದ್ದಾರೆ. ಮೂರೂ ಒಂದೇ ಕಡೆಗೆ ಸೋರುವಾಗ ಸರಾಸರಿ ಏನನ್ನೂ ತಿದ್ದುವುದಿಲ್ಲ; ತಪ್ಪು ಉತ್ತರದ ಮೇಲೆ ವಿಶ್ವಾಸವನ್ನಷ್ಟೇ ಹೆಚ್ಚಿಸುತ್ತದೆ. ಗದ್ದೆಯಿಂದ ಏಳುವ ಇನ್ನೊಂದು ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡಿನ ಪಾಡು ಇನ್ನೂ ಸೂಕ್ಷ್ಮ. ಹೊರಗಾಳಿಯಲ್ಲಿ ಅದು ಇರುವುದೇ ಸುಮಾರು 0.33 ಪಿಪಿಎಂ, ಪೆಟ್ಟಿಗೆಯೊಳಗಿನ ಏರಿಕೆ ಎಷ್ಟೋ ಸಲ ಅದರ ಒಂದು ಸಣ್ಣ ಪಾಲು.

ದಾರಿ ಇಲ್ಲದಿಲ್ಲ. ಪ್ರಮಾಣ ಗೊತ್ತಿರುವ ಅನಿಲವನ್ನು ಅದೇ ಬ್ಯಾಚಿನ ಸಿರಿಂಜುಗಳಿಗೆ ತುಂಬಿ, ಗದ್ದೆಗೆ ಒಯ್ದು, ಅದೇ ಬಿಸಿಲಲ್ಲಿ ಇಟ್ಟು, ಮಾದರಿಗಳ ಜೊತೆಯಲ್ಲೇ ಹಿಂದಕ್ಕೆ ತಂದು ಅಳೆಯಬೇಕು. ಎಷ್ಟು ಕಳೆದುಹೋಗಿದೆ ಎಂಬುದು ಆಗ ತಿಳಿಯುತ್ತದೆ. ಪ್ರಯೋಗಾಲಯ ದೂರವಿದ್ದರೆ ಗಾಳಿ ಎಳೆಯುವುದಕ್ಕೆ ಮಾತ್ರ ಸಿರಿಂಜ್ ಬಳಸಿ, ಕೂಡಲೇ ಬ್ಯೂಟೈಲ್ ರಬ್ಬರ್ ಮುಚ್ಚಳದ ಗಾಜಿನ ಸೀಸೆಗೆ ತುಸು ಹೆಚ್ಚು ಒತ್ತಡದಲ್ಲಿ ತುಂಬಬೇಕು. ಸೋರಿದರೂ ಒಳಗಿನದು ಹೊರಹೋಗುತ್ತದೆ, ಹೊರಗಿನದು ಒಳಬಂದು ಬೆರೆಯುವುದಿಲ್ಲ. ಇದು ಅತಿ ಎಚ್ಚರಿಕೆ ಎಂದು ತೋರಿದರೆ ವೈದ್ಯಕೀಯ ಪ್ರಯೋಗಾಲಯವನ್ನೇ ನೋಡಬೇಕು. ರಬ್ಬರ್ ಮುಚ್ಚಳದಿಂದ ಸತು ರಕ್ತಕ್ಕೆ ಬೆರೆತು ಲೆಕ್ಕ ಕೆಡುತ್ತದೆಂದು ಕಂಡುಕೊಂಡ ಮೇಲೆ, ಸತುವಿನಂಥ ಲೋಹಗಳ ಪರೀಕ್ಷೆಗೆಂದೇ ಕಡುನೀಲಿ ಮುಚ್ಚಳದ ಬೇರೆ ಕೊಳವೆಗಳು ಬಂದವು. ಒಂದೇ ಕೊಳವೆ ಎಲ್ಲ ಪರೀಕ್ಷೆಗೂ ಆಗುತ್ತದೆಂದು ಆಸ್ಪತ್ರೆಯೇ ಒಪ್ಪದಿರುವಾಗ ನಾವು ಒಪ್ಪುವುದು ಹೇಗೆ?

ಇಷ್ಟೆಲ್ಲ ಕಷ್ಟಪಡುವ ಬದಲು ಇದಕ್ಕೆಂದೇ ಮಾಡಿದ ಲೇಸರ್ ಯಂತ್ರವನ್ನು ಕೊಳ್ಳಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊಳ್ಳಬಲ್ಲವರು ಕೊಳ್ಳಲಿ. ಆದರೆ ಅಂಥ ಯಂತ್ರವನ್ನು ಎಲ್ಲ ಕಡೆ ಇಡಲಾಗದು, ಭತ್ತವೋ ಎಲ್ಲ ಕಡೆ ಒಂದೇ ಥರ ಬೆಳೆಯುವುದಿಲ್ಲ. ತುಂಗಭದ್ರಾ ಕಾಲುವೆಯ ಕಪ್ಪುಮಣ್ಣು ಬೇರೆ, ಮಲೆನಾಡಿನ ಮಳೆಯಾಶ್ರಿತ ಗದ್ದೆ ಬೇರೆ, ಕರಾವಳಿಯ ಬೈಲು ಬೇರೆ. ಒಂದೇ ಕಡೆ ಬಹಳ ನಿಖರವಾಗಿ ಅಳೆದು ಉಳಿದದ್ದನ್ನು ಊಹಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶವೇ ಸಾಕ್ಷಿ. ಯುರೋಪ್ ಮತ್ತು ಅಮೆರಿಕದ ಗದ್ದೆಗಳ ಅಂಕಿಗಳನ್ನು ಹಿಗ್ಗಿಸಿ, ಭಾರತದ ಭತ್ತ ವರ್ಷಕ್ಕೆ ಸುಮಾರು 3.78 ಕೋಟಿ ಟನ್ ಮೀಥೇನ್ ಬಿಡುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1990ರ ಹೊತ್ತಿಗೆ ಅಂದಾಜು ಮಾಡಿತ್ತು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ಮುಂದಾಳುತನದಲ್ಲಿ ದೇಶದ ಹಲವು ಭಾಗಗಳ ಗದ್ದೆಗಳಲ್ಲಿ ಪೆಟ್ಟಿಗೆ ಇಟ್ಟು ಅಳೆದಾಗ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಬಡ ರೈತರ ಅನ್ನದ ಮೇಲೆ ಹೊರಿಸಿದ್ದ ಅಷ್ಟು ದೊಡ್ಡ ಆರೋಪ ಕರಗಿದ್ದು ಹೀಗೆ ಗದ್ದೆಗಿಳಿದು ಅಳೆದದ್ದರಿಂದ.

ಚುರುಕಾದ ಓದುಗರು ಇಲ್ಲಿ ನನ್ನ ಮಾತನ್ನೇ ನನಗೆ ತಿರುಗಿಸಬಹುದು: ಸೋರಿಕೆ ಯಾವಾಗಲೂ ಅಂಕಿಯನ್ನು ತಗ್ಗಿಸುವುದಾದರೆ ಆ 40 ಲಕ್ಷವೂ ಸೋರಿದ ಲೆಕ್ಕವೇ ಇರಬಹುದಲ್ಲ? ಅದೇ ದಿನ ಅಳೆದ ಮಾದರಿಯಲ್ಲಿ ಸೋರಿಕೆ ಒಂದು ಸಣ್ಣ ಪಾಲನ್ನು ಕದಿಯಬಹುದು, ಒಂಬತ್ತರಲ್ಲಿ ಎಂಟು ಪಾಲನ್ನಲ್ಲ. ಅದಕ್ಕಿಂತ ಗಟ್ಟಿ ಉತ್ತರ ಪೆಟ್ಟಿಗೆಗೂ ಸಿರಿಂಜಿಗೂ ಸಂಬಂಧವಿಲ್ಲದ ಕಡೆಯಿಂದ ಬಂದಿದೆ. ಉಪಗ್ರಹ, ವಿಮಾನ ಮತ್ತು ನೆಲದ ಮಾಪನಗಳನ್ನು ಸೇರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, 2010ರಿಂದ 2015ರ ಅವಧಿಯಲ್ಲಿ ಭಾರತದ ಒಟ್ಟು ಮೀಥೇನ್ ವರ್ಷಕ್ಕೆ ಸುಮಾರು 2.2 ಕೋಟಿ ಟನ್ ಎಂದಿತು. ದನಕರು, ಕಸ, ಕಲ್ಲಿದ್ದಲು ಎಲ್ಲ ಸೇರಿದರೂ ಅಷ್ಟೇ ಆಗುವಾಗ ಭತ್ತವೊಂದೇ 3.78 ಕೋಟಿ ಟನ್ ಬಿಡುವುದು ಸಾಧ್ಯವಿಲ್ಲ.

ಆದರೆ ಅಂದು ಕೇಳಿದ ಪ್ರಶ್ನೆ ದೊಡ್ಡದು, ಒರಟು ಅಳತೆಯೂ ಸಾಕಿತ್ತು. ಈಗಿನ ಪ್ರಶ್ನೆಗೆ ಸಾಲದು. ಗದ್ದೆಯನ್ನು ಆಗಾಗ ಒಣಗಿಸಿ ಮತ್ತೆ ನೀರು ಕಟ್ಟುವ ರೈತರಿಗೆ ಕಾರ್ಬನ್ ಕ್ರೆಡಿಟ್ ಹಣ ಕೊಡುವ ಯೋಜನೆಗಳು ಬಂದಿವೆ. ಸದಾ ನೀರು ನಿಂತ ಗದ್ದೆಯ ಮೀಥೇನನ್ನು 1 ಎಂದಿಟ್ಟರೆ, ಹಲವು ಸಲ ಬಸಿದ ಗದ್ದೆಗೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2019ರಲ್ಲಿ ಕೊಟ್ಟ ಗುಣಕ 0.55. ಈ ಎರಡರ ನಡುವಿನ ವ್ಯತ್ಯಾಸಕ್ಕೆ ದುಡ್ಡು. ಎರಡೂ ಗದ್ದೆಗಳ ಮಾದರಿ ಸಮನಾಗಿ ಸೋರಿದರೆ ವ್ಯತ್ಯಾಸ ಕುಗ್ಗಿ ರೈತರಿಗೆ ನಷ್ಟ. ಬಸಿದ ಗದ್ದೆಯ ಸಿರಿಂಜುಗಳು ಮಾತ್ರ ಒಂದು ದಿನ ಹೆಚ್ಚು ಕಾದರೆ ಇಲ್ಲದ ಉಳಿತಾಯ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಮೇಲಾಗಿ, ಗದ್ದೆ ಆರಿದಾಗ ಏಳುವುದು ಸುಲಭಕ್ಕೆ ಕಣ್ಣಿಗೆ ಬೀಳದ ನೈಟ್ರಸ್ ಆಕ್ಸೈಡ್. ಆದ್ದರಿಂದ ಇಂಥ ಯೋಜನೆಯ ವರದಿಯಲ್ಲಿ ನಾನು ಮೊದಲು ಹುಡುಕುವುದು ಎರಡು ಕಾಲಂಗಳನ್ನು: ಪ್ರತಿ ಸಿರಿಂಜ್ ತುಂಬಿದ ಹೊತ್ತು ಮತ್ತು ಅಳೆದ ಹೊತ್ತು, ಜೊತೆಗೆ ಹೋಗಿ ಬಂದ ಪ್ರಮಾಣಿತ ಅನಿಲದಲ್ಲಿ ಉಳಿದದ್ದು ಎಷ್ಟು. ಅವೆರಡೂ ಇಲ್ಲದ ವರದಿಯ ಮೇಲೆ ಹಣ ಹಂಚುವುದನ್ನು ನಾನು ಒಪ್ಪಲಾರೆ.