ಆಕ್ಸಿಲರೇಟರ್ ಕೇಬಲ್: ಹೊಂದಾಣಿಕೆ ಮತ್ತು ಪಾಲನೆ

ತರಕಾರಿ, ಹೂವು, ಹಾಲು ಮೊದಲಾದುವನ್ನು ಪೇಟೆಗೆ ಸಾಗಿಸಲು ಹಳೆಯ ಕಾರನ್ನೋ ವ್ಯಾನನ್ನೋ ಇಟ್ಟುಕೊಂಡಿರುವ ರೈತರು ಅನೇಕರಿದ್ದಾರೆ. ಎಣ್ಣೆ ಬದಲಾಯಿಸುವುದು, ಟೈರಿಗೆ ಗಾಳಿ ತುಂಬಿಸುವುದು, ಬ್ಯಾಟರಿಗೆ ನೀರು ಹಾಕುವುದು ಇವರಿಗೆ ರೂಢಿಯಾಗಿದೆ. ಆದರೆ ಕಾಲಿನ ಪೆಡಲಿನಿಂದ ಎಂಜಿನ್ನಿಗೆ ಹೋಗುವ ಆಕ್ಸಿಲರೇಟರ್ ಕೇಬಲ್ಲಿನ ಕಡೆಗೆ ಅದು ಕೈಕೊಡುವವರೆಗೆ ಯಾರ ಗಮನವೂ ಹೋಗುವುದಿಲ್ಲ. ಕೇಬಲ್ ತುಂಡಾದರೆ ವಾಹನ ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೆ. ಆದರೆ ಅದು ಎಳೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಕಾಲು ತೆಗೆದರೂ ವಾಹನದ ವೇಗ ತಗ್ಗುವುದಿಲ್ಲ. ಎತ್ತಿಗೆ ಮೂಗುದಾರ ಹೇಗೋ ಎಂಜಿನ್ನಿಗೆ ಈ ತಂತಿ ಹಾಗೆ. ಅತಿ ಬಿಗಿಯೂ ಸಲ್ಲದು, ಅತಿ ಸಡಿಲವೂ ಸಲ್ಲದು.

ಕೇಬಲ್ಲಿನ ರಚನೆ

ಈ ಬಗೆಯ ಕೇಬಲ್ಲಿಗೆ ಬೌಡೆನ್ ಕೇಬಲ್ ಎಂದು ಹೆಸರು. ಇಂಗ್ಲೆಂಡಿನ ಬೌಡೆನ್ ಎಂಬುವರು 1896ರಲ್ಲಿ ಇದರ ಹಕ್ಕನ್ನು ಪಡೆದರು. ಸೈಕಲ್ಲಿನ ಬ್ರೇಕಿನ ತಂತಿಯೂ ಇದೇ ಜಾತಿಯದು. ಇದರಲ್ಲಿ ಎರಡು ಭಾಗಗಳಿವೆ. ಒಂದು, ಉಕ್ಕಿನ ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಒಳತಂತಿ. ಇನ್ನೊಂದು, ಅದನ್ನು ಸುತ್ತುವರಿದ ಹೊರಕವಚ. ಕವಚದ ಎರಡು ತುದಿಗಳೂ ಕದಲದಂತೆ ಬಿಗಿಯಾಗಿ ನಿಂತಿರುವುದರಿಂದ ಒಳತಂತಿಯ ಎಳೆತವು ಬಾಗಿದ ಹಾದಿಯಲ್ಲಿಯೂ ಇನ್ನೊಂದು ತುದಿಯನ್ನು ಮುಟ್ಟುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಈ ತಂತಿಯು ಕಾರ್ಬುರೇಟರಿನ ಪಕ್ಕದ ಲಿವರನ್ನು ಎಳೆದು ಒಳಗಿನ ಥ್ರಾಟಲ್ ಬಿಲ್ಲೆಯನ್ನು ತೆರೆಯುತ್ತದೆ. ಹಳೆಯ ಡೀಸೆಲ್ ವಾಹನಗಳಲ್ಲಿ ಇಂಧನ ಪಂಪಿನ ಲಿವರನ್ನು ಎಳೆಯುತ್ತದೆ. ತಂತಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬಾರದು. ಲಿವರನ್ನು ಮೊದಲಿನ ಸ್ಥಾನಕ್ಕೆ ತರುವ ಕೆಲಸ ಸ್ಪ್ರಿಂಗಿನದು. ಆದ್ದರಿಂದ ತಂತಿಯಷ್ಟೇ ಸ್ಪ್ರಿಂಗಿಗೂ ಗಮನ ಕೊಡುವುದು ಅವಶ್ಯಕ.

1983ರಲ್ಲಿ ಬಂದ ಮಾರುತಿ 800 ಮತ್ತು 1984ರಲ್ಲಿ ಬಂದು ಮುಂದೆ ಓಮ್ನಿ ಎಂದು ಹೆಸರಾದ ಮಾರುತಿ ವ್ಯಾನುಗಳ ಕಾರ್ಬುರೇಟರ್ ಮಾದರಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಇವುಗಳ ತಯಾರಿಕೆ ಕ್ರಮವಾಗಿ 2014 ಮತ್ತು 2019ರಲ್ಲಿ ನಿಂತಿತು. ಈಚಿನ ಬಹುಪಾಲು ಕಾರುಗಳಲ್ಲಿ ಪೆಡಲಿನ ಸೂಚನೆ ವಿದ್ಯುತ್ ಮೂಲಕ ಹೋಗುವುದರಿಂದ ಕೇಬಲ್ಲೇ ಇರುವುದಿಲ್ಲ. ಅಂಥ ವಾಹನಗಳಿಗೆ ಇಲ್ಲಿನ ಹೊಂದಾಣಿಕೆ ಕ್ರಮ ಅನ್ವಯಿಸುವುದಿಲ್ಲ.

ದೋಷದ ಲಕ್ಷಣಗಳು

1. ಕಾಲು ತೆಗೆದ ಮೇಲೂ ಎಂಜಿನ್ ಜೋರಾಗಿಯೇ ಓಡುತ್ತಿದ್ದರೆ ಕೇಬಲ್ ಬಿಗಿಯಾಗಿದೆ, ಅಥವಾ ಎಲ್ಲೋ ಹಿಡಿಯುತ್ತಿದೆ.
2. ಪೆಡಲನ್ನು ಬಹಳಷ್ಟು ಒತ್ತಿದ ಮೇಲೆ ಎಂಜಿನ್ ಸ್ಪಂದಿಸಿದರೆ, ಏರಿನಲ್ಲಿ ಪೂರ್ಣ ಶಕ್ತಿ ಬಾರದಿದ್ದರೆ ಕೇಬಲ್ ಅತಿ ಸಡಿಲವಾಗಿದೆ.
3. ಪೆಡಲ್ ಗಡುಸಾಗಿದ್ದರೆ, ತಡೆತಡೆದು ಚಲಿಸಿದರೆ ಒಳಗೆ ತುಕ್ಕು, ಧೂಳು ಸೇರಿದೆ ಅಥವಾ ಎಳೆಗಳು ಕಿತ್ತಿವೆ.

ದೋಷ ಎಲ್ಲಿದೆ ಎಂದು ತಿಳಿಯುವುದು

ದೋಷದ ಮೂಲ ತಿಳಿಯದೆ ಹೊಸ ಕೇಬಲ್ ಕೊಂಡರೆ ದುಡ್ಡು ದಂಡ. ಎಂಜಿನ್ ನಿಲ್ಲಿಸಿ, ಕಾರ್ಬುರೇಟರಿನ ಬಳಿ ಕೇಬಲ್ಲಿನ ತುದಿಯನ್ನು ಬಿಡಿಸಿ, ಲಿವರನ್ನು ಕೈಯಿಂದ ತೆರೆದು ಬಿಡಬೇಕು. ಅದು ಟಕ್ಕನೆ ಹಿಂದಕ್ಕೆ ಬಂದರೆ ಕಾರ್ಬುರೇಟರ್ ಸರಿಯಾಗಿದೆ. ನಿಧಾನವಾಗಿ ಬಂದರೆ ಅಥವಾ ಅರ್ಧಕ್ಕೆ ನಿಂತರೆ ಸ್ಪ್ರಿಂಗ್ ಸೋತಿದೆ, ಇಲ್ಲವೆ ಬಿಲ್ಲೆ ಮತ್ತು ಅದರ ದಂಡಕ್ಕೆ ಮಸಿ, ಜಿಡ್ಡು ಹಿಡಿದಿದೆ. ಅನಂತರ ಒಳತಂತಿಯನ್ನು ಕೈಯಿಂದ ಎಳೆದು ನೋಡಬೇಕು. ಅದು ಸಲೀಸಾಗಿ ಜಾರದಿದ್ದರೆ ಪೆಡಲಿನ ತುದಿಯನ್ನೂ ಬಿಡಿಸಿ ಮತ್ತೊಮ್ಮೆ ಎಳೆಯಬೇಕು. ಆಗಲೂ ಹಿಡಿದರೆ ದೋಷ ಕೇಬಲ್ಲಿನದು, ಸಲೀಸಾಗಿ ಜಾರಿದರೆ ಪೆಡಲಿನ ಕೀಲಿನದು. ಕೆಲವೊಮ್ಮೆ ಕಾಲಡಿಯ ಚಾಪೆ ಜರುಗಿ ಪೆಡಲನ್ನು ಒತ್ತಿಹಿಡಿದಿರುವುದೂ ಉಂಟು. ಮೊದಲು ಅದನ್ನು ನೋಡುವುದು ಜಾಣತನ.

ಹೊಂದಾಣಿಕೆ ಮಾಡುವ ಕ್ರಮ

ಈ ಕೆಲಸಕ್ಕೆ ಎರಡು ಸ್ಪ್ಯಾನರು ಮತ್ತು ಪೆಡಲ್ ಒತ್ತಲು ಒಬ್ಬ ಸಹಾಯಕ ಇದ್ದರೆ ಸಾಕು. ಸ್ಪ್ಯಾನರು ಸಾಮಾನ್ಯವಾಗಿ 10 ಅಥವಾ 12 ಮಿ.ಮೀ. ಅಳತೆಯದು. ಓಮ್ನಿಯಲ್ಲಿ ಎಂಜಿನ್ ಮುಂದಿನ ಆಸನದ ಕೆಳಗಿರುವುದರಿಂದ ಆಸನವನ್ನು ಎತ್ತಬೇಕಾಗುತ್ತದೆ.

1. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ನಿಲ್ಲಿಸಬೇಕು. ಚೋಕ್ ಪೂರ್ತಿ ಒಳಗಿರಬೇಕು. ತಣ್ಣಗಿರುವಾಗ ಚೋಕಿನ ವ್ಯವಸ್ಥೆಯು ಥ್ರಾಟಲನ್ನು ಸ್ವಲ್ಪ ತೆರೆದಿಟ್ಟಿರುವುದರಿಂದ ಅಳತೆ ತಪ್ಪುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲಿನಲ್ಲಿಡಬೇಕು. ಬಿಸಿಯಾದ ಸೈಲೆನ್ಸರ್ ಕೊಳವೆಗೆ ಕೈ ತಗಲದಂತೆ ಎಚ್ಚರ ವಹಿಸಬೇಕು.

2. ಕಾರ್ಬುರೇಟರಿನ ಬಳಿ ಒಳತಂತಿಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಅದು ಸ್ವಲ್ಪ ಬಳುಕಬೇಕು. ಎಷ್ಟು ಸಡಿಲ ಇರಬೇಕೆಂಬುದು ವಾಹನದ ಕೈಪಿಡಿಯಲ್ಲಿರುತ್ತದೆ, ಅದನ್ನೇ ಅನುಸರಿಸಬೇಕು. ಕೈಪಿಡಿ ಸಿಗದಿದ್ದರೆ ಬಿಸಿ ಎಂಜಿನ್ನಿನಲ್ಲಿ 3ರಿಂದ 5 ಮಿ.ಮೀ. ಸಡಿಲವನ್ನು ಅಂದಾಜಿಗೆ ಇಟ್ಟುಕೊಳ್ಳಬಹುದು.

3. ಹೊರಕವಚದ ತುದಿಯಲ್ಲಿ ಮರೆಯುಳ್ಳ ಭಾಗವೂ ಎರಡು ನಟ್ಟುಗಳೂ ಇರುತ್ತವೆ. ಲಾಕ್ ನಟ್ಟನ್ನು ಸಡಿಲಿಸಿ, ಇನ್ನೊಂದನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಸಡಿಲವನ್ನು ಹೆಚ್ಚು ಕಡಿಮೆ ಮಾಡಬೇಕು. ಸರಿಹೊಂದಿದ ಮೇಲೆ ಒಂದು ಸ್ಪ್ಯಾನರಿನಿಂದ ಹೊಂದಾಣಿಕೆ ನಟ್ಟನ್ನು ಕದಲದಂತೆ ಹಿಡಿದು, ಇನ್ನೊಂದರಿಂದ ಲಾಕ್ ನಟ್ಟನ್ನು ಬಿಗಿಮಾಡಬೇಕು.

4. ಸಹಾಯಕನಿಂದ ಪೆಡಲನ್ನು ಪೂರ್ತಿ ಒತ್ತಿಸಿ, ಲಿವರ್ ಪೂರ್ಣ ತೆರೆದ ಸ್ಥಾನಕ್ಕೆ ಬಂತೇ ಎಂದು ನೋಡಬೇಕು. ಲಿವರ್ ಕೊನೆ ಮುಟ್ಟಿದ ಮೇಲೂ ಪೆಡಲ್ ಇನ್ನಷ್ಟು ಇಳಿಯುವಂತಿದ್ದರೆ ಕಾಲಿನ ಬಲವೆಲ್ಲ ತಂತಿಯ ಮೇಲೆ ಬಿದ್ದು ಎಳೆಗಳು ಕಿತ್ತುಹೋಗುತ್ತವೆ. ಪೆಡಲ್ ಬಿಟ್ಟೊಡನೆ ಲಿವರ್ ತನ್ನ ಸ್ಥಾನಕ್ಕೆ ಮರಳಬೇಕು.

5. ಎಲ್ಲರೂ ಕೈ ತೆಗೆದ ಮೇಲೆ ಎಂಜಿನ್ ಚಾಲೂ ಮಾಡಿ, ಎರಡು ಮೂರು ಸಲ ಪೆಡಲ್ ಒತ್ತಿ ಬಿಟ್ಟು, ಪ್ರತಿ ಸಲವೂ ಎಂಜಿನ್ ಒಂದೇ ನಿಧಾನ ವೇಗಕ್ಕೆ ಇಳಿಯುವುದೇ ಎಂದು ಪರೀಕ್ಷಿಸಬೇಕು.

ಇಲ್ಲಿ ಒಂದು ತಪ್ಪು ಸಾಮಾನ್ಯವಾಗಿ ನಡೆಯುತ್ತದೆ. ನಿಂತಲ್ಲಿ ಎಂಜಿನ್ ಆರಿಹೋಗುತ್ತದೆಂದು ಕೆಲವರು ಕೇಬಲ್ಲನ್ನೇ ಬಿಗಿಮಾಡುತ್ತಾರೆ. ನಿಧಾನ ವೇಗಕ್ಕೆ ಕಾರ್ಬುರೇಟರಿನಲ್ಲಿ ಬೇರೆ ತಿರುಪು ಇದೆ. ಕೇಬಲ್ ಬಿಗಿಮಾಡಿದರೆ ಎಂಜಿನ್ ಅಲುಗಿದಾಗಲೆಲ್ಲ ತಂತಿ ಎಳೆದು ವೇಗ ಏರುಪೇರಾಗುತ್ತದೆ, ಪೆಟ್ರೋಲೂ ವ್ಯರ್ಥ. ತಂತಿಯಲ್ಲಿ ಉಳಿಸಿದ ಆ ಚೂರು ಸಡಿಲವೇ ಚಾಲಕನ ರಕ್ಷಣೆ.

ಪಾಲನೆ

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೇಬಲ್ಲನ್ನು ತುದಿಯಿಂದ ತುದಿಗೆ ಪರೀಕ್ಷಿಸಬೇಕು. ಕರಾವಳಿಯ ಉಪ್ಪು ಗಾಳಿ ಮತ್ತು ಮಲೆನಾಡಿನ ತೇವದಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಬಯಲುಸೀಮೆಯಲ್ಲಿ ಧೂಳಿನ ಕಾಟ. ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ವಾಹನದಲ್ಲಿ ಇಲಿಗಳು ಹೊರಕವಚವನ್ನು ಕಡಿದಿರುವುದುಂಟು.

ತಂತಿಯ ಎರಡು ತುದಿಗಳನ್ನು ವಿಶೇಷವಾಗಿ ನೋಡಬೇಕು. ಎಳೆಗಳು ಕೀಳುವುದು ಹೆಚ್ಚಾಗಿ ಅಲ್ಲಿಯೇ. ಒಂದೇ ಒಂದು ಎಳೆ ಕಿತ್ತಿದ್ದರೂ ಕೇಬಲ್ ಬದಲಾಯಿಸುವುದು ಲೇಸು, ಏಕೆಂದರೆ ಕಿತ್ತ ಎಳೆಯೇ ಕವಚದೊಳಗೆ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತದೆ. ಗಂಟು ಹಾಕುವುದು, ಸೈಕಲ್ ತಂತಿ ಜೋಡಿಸುವುದು ಅಪಾಯಕರ. ಹೊಸ ಕೇಬಲ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ದು ಒಳತಂತಿ, ಹೊರಕವಚ ಎರಡರ ಉದ್ದವನ್ನೂ ಹೋಲಿಸಬೇಕು. ಜೋಡಿಸುವಾಗ ಹಳೆಯ ಹಾದಿಯಲ್ಲೇ, ಚೂಪಾದ ತಿರುವುಗಳಿಲ್ಲದೆ, ಸೈಲೆನ್ಸರ್ ಕೊಳವೆಯಿಂದ ದೂರವಾಗಿ ಸಾಗಿಸಬೇಕು.

ಕವಚದೊಳಗೆ ನೈಲಾನ್ ಕೊಳವೆಯಿರುವ ಕೇಬಲ್ಲುಗಳಿಗೆ ಸಾಮಾನ್ಯವಾಗಿ ಎಣ್ಣೆ ಬೇಕಿಲ್ಲ. ಹಳೆಯ ಮಾದರಿಯ ಬರಿಯ ಲೋಹದ ಕವಚವಾದರೆ ಕೇಬಲ್ಲನ್ನು ಬಿಚ್ಚಿ ನೇತುಹಾಕಿ, ಮೇಲಿನ ತುದಿಗೆ ಕಾಗದದ ಆಲಿಕೆ ಕಟ್ಟಿ, ತೆಳುವಾದ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಕೆಳಗೆ ಜಿನುಗುವವರೆಗೆ ತಂತಿಯನ್ನು ಮೇಲೆ ಕೆಳಗೆ ಆಡಿಸಬೇಕು. ಗಟ್ಟಿಯಾದ ಗ್ರೀಸನ್ನು ತುಂಬಬಾರದು. ಅದು ಧೂಳು ಹಿಡಿದು ಅಂಟಾಗುತ್ತದೆ.

ಓಡುವಾಗ ಸಿಕ್ಕಿಕೊಂಡರೆ

ಎಷ್ಟೇ ಜಾಗ್ರತೆ ವಹಿಸಿದರೂ ಇದನ್ನು ವಾಹನ ನಡೆಸುವ ಪ್ರತಿಯೊಬ್ಬರೂ ತಿಳಿದಿರಬೇಕು. ವೇಗ ತಗ್ಗದಿದ್ದರೆ ಕೂಡಲೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲಿಗೆ ತರಬೇಕು. ಎಂಜಿನ್ ಕಿರುಚಿದರೂ ಗಾಬರಿ ಬೇಡ. ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮನೆ ಬಲವಾಗಿ ಒತ್ತಿ, ವಾಹನವನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಅನಂತರ ಕೀಲಿ ತಿರುಗಿಸಿ ಎಂಜಿನ್ ಆರಿಸಬೇಕು. ಚಲಿಸುತ್ತಿರುವಾಗ ಕೀಲಿಯನ್ನು ಹೊರತೆಗೆದರೆ ಸ್ಟೀರಿಂಗ್ ಬೀಗ ಬೀಳುವ ಅಪಾಯವಿದೆ. ನಿಲ್ಲಿಸಲು ಪ್ರತ್ಯೇಕ ಗುಬಟು ಇರುವ ಹಳೆಯ ಡೀಸೆಲ್ ವಾಹನಗಳಲ್ಲಿ ಆ ಗುಬಟನ್ನೇ ಎಳೆಯಬೇಕು. ಅವುಗಳಲ್ಲಿ ಕೀಲಿ ತಿರುಗಿಸಿದ ಮಾತ್ರಕ್ಕೆ ಎಂಜಿನ್ ನಿಲ್ಲುವುದಿಲ್ಲ. ದೋಷ ಸರಿಪಡಿಸುವವರೆಗೆ ವಾಹನವನ್ನು ಮತ್ತೆ ನಡೆಸಬಾರದು.

ಹೊಲದ ಯಂತ್ರಗಳಲ್ಲಿ

ಪವರ್ ಟಿಲ್ಲರ್, ಕಳೆ ಕತ್ತರಿಸುವ ಯಂತ್ರ, ಬೆನ್ನಿನ ಮೇಲೆ ಹೊರುವ ಎಂಜಿನ್ ಸಿಂಪರಣಾ ಯಂತ್ರಗಳಲ್ಲಿಯೂ ಇಂಥದೇ ಕೇಬಲ್ಲುಗಳಿವೆ. ಕಳೆ ಕತ್ತರಿಸುವ ಯಂತ್ರದಲ್ಲಿ ಸಡಿಲ ಇಲ್ಲದಿದ್ದರೆ ಬೆರಳು ತೆಗೆದ ಮೇಲೂ ಕ್ಲಚ್ ಹಿಡಿದು ಅಲಗು ಸುತ್ತುತ್ತಲೇ ಇರುತ್ತದೆ. ಹಾಗೆ ಸುತ್ತುವ ಯಂತ್ರವನ್ನು ಬಳಸಲೇಬಾರದು. ಗದ್ದೆಯಲ್ಲಿ ಕೆಸರು ಮಾಡಿ ಬಂದ ಟಿಲ್ಲರನ್ನು ತೊಳೆಯುವಾಗ ಕೇಬಲ್ಲಿನ ತುದಿಗೆ ನೀರನ್ನು ರಭಸವಾಗಿ ಬಿಡದೆ ಬಟ್ಟೆಯಿಂದ ಒರೆಸಬೇಕು.

ವರ್ಷಕ್ಕೆರಡು ಸಲ ಅರ್ಧ ಗಂಟೆ ಬಿಡುವು ಮಾಡಿಕೊಂಡು ಈ ಪರೀಕ್ಷೆಯನ್ನು ಮನೆಯಲ್ಲೇ ನಡೆಸಿದರೆ ರೈತರು ದಾರಿಯ ಮಧ್ಯೆ ಪರದಾಡುವುದು ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ವಾಹನದಲ್ಲಿ ಕುಳಿತವರ ಜೀವಕ್ಕೆ ಭದ್ರತೆ ದೊರೆಯುತ್ತದೆ.